ಕಮಾನು ನಿಲ್ಲುವವರೆಗೆ

ಮರುಕ್ಲಾ ಆ ವರ್ಷವೂ ಕೇಕು ಮಾಡಿದಳು. ಸಂತ ಫನೂರಿಯೊಸ್ ಕಳೆದದ್ದನ್ನು ಹುಡುಕಿಕೊಡುವ ಸ್ವಾಮಿ. ಆಗಸ್ಟಿನಲ್ಲಿ ಅವನ ಹಬ್ಬದ ದಿನ ಒಂಬತ್ತು ಸಾಮಾನು ಹಾಕಿ, ಬೆಣ್ಣೆ ಮೊಟ್ಟೆ ಸೋಕಿಸದೆ, ಬರೀ ಆಲಿವ್ ಎಣ್ಣೆಯಲ್ಲಿ ಕಲಸಿ ಬೇಯಿಸಿದ ಕೇಕನ್ನು ಊರವರಿಗೆ ಹಂಚಬೇಕು. ತಪ್ಪಿಸಿಕೊಂಡ ಮೇಕೆಗೆ, ಬಿದ್ದುಹೋದ ಕಿವಿಯೋಲೆಗೆ, ಎಲ್ಲೋ ಇದ್ದು ಇನ್ನೂ ಮನೆಗೆ ಬಾರದ ಅಳಿಯನಿಗೆ ಅಂತ ನಮ್ಮ ದ್ವೀಪದ ಹೆಂಗಸರು ಇದನ್ನು ಮಾಡುತ್ತಾರೆ. ಮರುಕ್ಲಾ ಮಾಡುತ್ತಿದ್ದದ್ದು ಕಿರಿಯ ಮಗ ಅಂದ್ರೀಕೊಸನಿಗೆ. ಅವನು ಮೀನಿಗೆ ಹೋದವನು ಹಿಂದಿರುಗದೆ ಮೂರು ವರ್ಷವಾಗಿತ್ತು.

ಮೊದಲ ತುಂಡು ಪ್ರತಿ ವರ್ಷ ಸೆವಾಸ್ತಿಗೆ. ಅವಳ ಗಂಡ ನಿಕೀತಾಸನೇ ಅಂದ್ರೀಕೊಸನನ್ನು ಕಡೆಯದಾಗಿ ಕಂಡವನಲ್ಲವೆ, ಅದಕ್ಕೆ. ಬೆಳಗ್ಗೆ ಇಗರ್ಜಿಯ ಗಂಟೆಗೂ ಮುಂಚೆ ಮುದುಕಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ತಗೋ ಮಗಳೇ, ಇನ್ನೂ ಬಿಸಿ ಇದೆ. ಈ ಸಲ ದ್ರಾಕ್ಷಿ ಜಾಸ್ತಿ ಹಾಕಿದೀನಿ. ಅವನಿಗಿಷ್ಟ."

"ನೀವ್ಯಾಕೆ ಬರೋಕೆ ಹೋದ್ರಿ ದೊಡ್ಡಮ್ಮಾ, ನಾನೇ ಬರ್ತಿದ್ನಲ್ಲ."

"ನನ್ನೆದುರಿಗೇ ತಿನ್ನು. ನೋಡಿದ್ರೆ ನಂಗೊಂದು ಸಮಾಧಾನ."

ಸೆವಾಸ್ತಿ ತಿಂದಳು. ಮರುಕ್ಲಾಳ ತಲೆಯ ಮೇಲೆ ಹಳದಿ ಹೂವಿನ ವಸ್ತ್ರವಿತ್ತು. ಅವಳ ಓರಗೆಯ ಹೆಂಗಸರೆಲ್ಲ ಗಂಡನಿಗೋ ಮಗನಿಗೋ ಯಾರಾದರೊಬ್ಬರಿಗೆ ಕಪ್ಪು ಕಟ್ಟಿದವರೇ. ಇವಳೊಬ್ಬಳು ಕಟ್ಟಿರಲಿಲ್ಲ. ಹೆಣ ಸಿಗದ ಮಗನಿಗೆ ಕಪ್ಪು ಕಟ್ಟಿದರೆ ತಾನೇ ಅವನನ್ನು ಕೊಂದಂತೆ ಅನ್ನುತ್ತಿದ್ದಳು.

"ಇನ್ನೊಂದು ಮಾತು," ಅಂದಳು ಮುದುಕಿ, ಬಟ್ಟಲು ವಾಪಸು ತಗೊಳ್ಳುತ್ತ. "ಮಿನಾಸ್ ನಿನ್ನೆ ಗೋಡೆಯಿಂದ ಲೀರಾ ಇಳಿಸ್ದ. ತಂತಿ ಬದಲಾಯಿಸ್ದ. ಇವತ್ತು ನುಡಿಸ್ತಾನಂತೆ. ನಿನ್ ಗಂಡನಿಗೆ ಹೇಳು, ಬರ್ಲೇಬೇಕು ಅಂತ."

ಸೆವಾಸ್ತಿ ಹೂಂ ಅಂದು ಬಾಗಿಲು ಹಾಕಿಕೊಂಡಳು.

ಮಿನಾಸ್ ಅಂದ್ರೀಕೊಸನ ಅಣ್ಣ. ಮೊಣಕಾಲ ಮೇಲೆ ನಿಲ್ಲಿಸಿಕೊಂಡು ಕಮಾನಿನಲ್ಲಿ ನುಡಿಸುವ ಮೂರು ತಂತಿಯ ಲೀರಾ ಅವನ ಕೈಯಲ್ಲಿ ಮಾತಾಡುತ್ತದೆ ಅಂತ ಪಕ್ಕದ ದ್ವೀಪದವರೂ ಒಪ್ಪುತ್ತಿದ್ದರು. ಪಕ್ಕದ ದ್ವೀಪದವರು ನಮ್ಮದು ಯಾವುದನ್ನೂ ಒಪ್ಪುವ ಪೈಕಿ ಅಲ್ಲ. ತಮ್ಮ ಮರಳುವುದಿಲ್ಲವೆಂದು ಖಾತ್ರಿಯಾದ ವಾರ ಅವನು ಲೀರಾದ ಮುಖವನ್ನು ಗೋಡೆಗೆ ತಿರುಗಿಸಿ ನೇತುಹಾಕಿದ. ಮೂರು ವರ್ಷ ಊರಿನ ಮದುವೆಗಳಿಗೆಲ್ಲ ಹೊರಗಿನವರು ಬಂದು ನುಡಿಸಿ ಹೋದರು. ಆ ಮೂರು ವರ್ಷವೂ ನಿಕೀತಾಸ್ "ಗಂಟಲು ಸರಿಯಿಲ್ಲ" ಅಂತ ಹಾಡಿನ ಕಟ್ಟೆಯ ಹತ್ತಿರ ಸುಳಿಯಲಿಲ್ಲ.

ಅವನ ಗಂಟಲಿಗೆ ಏನೂ ಆಗಿರಲಿಲ್ಲ. ಅದು ಸೆವಾಸ್ತಿಗೆ ಗೊತ್ತು. ಊರಲ್ಲಿ ಅವಳೊಬ್ಬಳಿಗೇ ಗೊತ್ತು.

ಊರಿಗೆ ಗೊತ್ತಿದ್ದ ಕಥೆ ಹೀಗೆ. ಕರಿಮೂತಿ ಅಂತ ಕರೆಯುವ ಬಂಡೆಯ ಆಚೆ ಇಬ್ಬರೂ ಬಲೆ ಎಳೆಯುತ್ತಿದ್ದರು, ಗಾಳಿ ಎದ್ದಿತು, ದೊಡ್ಡ ಅಲೆ ಅಂದ್ರೀಕೊಸನನ್ನು ಎತ್ತಿಕೊಂಡು ಹೋಯಿತು, ನಿಕೀತಾಸ್ ಕೂಗಿ ಕೂಗಿ ಸೋತ, ಉತ್ತರ ಬರಲಿಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬಂದರದಲ್ಲಿ ಮರುಕ್ಲಾ ಅವನ ಕಾಲು ಹಿಡಿದುಕೊಂಡು ಅತ್ತಾಗ ಅವನ ಬಾಯಿಗೆ ಕನಿಕರ ಬಂದುಬಿಟ್ಟಿತು. "ದೂರದಲ್ಲೊಂದು ಹಡಗಿನ ದೀಪ ಕಾಣಿಸ್ತಿತ್ತು ದೊಡ್ಡಮ್ಮಾ, ಅವರು ಎತ್ಕೊಂಡಿರಬಹುದು" ಅಂದ. ಆ ಒಂದು ಮಾತಿನ ಮೇಲೆ ಮುದುಕಿ ಮೂರು ವರ್ಷ ಉಸಿರಾಡಿದಳು.

ನಡೆದದ್ದು ಬೇರೆ. ಬಲೆಯ ಹಗ್ಗ ಅಂದ್ರೀಕೊಸನ ಕಾಲಿಗೆ ಸುತ್ತಿಕೊಂಡು ಅವನು ನೀರಿಗೆ ಬಿದ್ದಿದ್ದ. ಬಲೆ ತಳದ ಬಂಡೆಗೆ ಕಚ್ಚಿಕೊಂಡು ದೋಣಿಯನ್ನೇ ಮಗ್ಗುಲಿಗೆ ಎಳೆಯುತ್ತಿತ್ತು. ಹತ್ತು ಮಾರು ದೂರದಲ್ಲಿ ಅಂದ್ರೀಕೊಸ್ ಅದೇ ಹಗ್ಗ ಹಿಡಿದು ತೇಲುತ್ತ "ತಾಳು ನಿಕೀತಾ, ತಾಳೋ" ಅಂತ ಕೂಗುತ್ತಿದ್ದ. ದೋಣಿಗೆ ನೀರು ತುಂಬಿತು. ನಿಕೀತಾಸ್ ಚಾಕು ತೆಗೆದು ಹಗ್ಗ ಕೊಯ್ದ. ಕೊಯ್ಯದಿದ್ದರೆ ಇಬ್ಬರೂ ಹೋಗುತ್ತಿದ್ದರೋ ಏನೋ, ಅದನ್ನು ಹೇಳಬಲ್ಲವರು ಯಾರು. ಬಂದ ದಿನವೇ ಹೇಳಿದ್ದರೆ ಜನ ಎದೆ ಬಡಿದುಕೊಂಡು ಅತ್ತು ಕ್ಷಮಿಸುತ್ತಿದ್ದರು ಎಂದು ಸೆವಾಸ್ತಿಗೆ ಈಗಲೂ ಅನಿಸುತ್ತದೆ. ಆದರೆ ಮಿನಾಸ್ ದೋಣಿಯಲ್ಲುಳಿದ ಹಗ್ಗದ ತುದಿಯನ್ನು ಬೆರಳಲ್ಲಿ ಸವರಿ ನೋಡಿ, ಅವನನ್ನು ಇಗರ್ಜಿಯ ಬಾಗಿಲಲ್ಲಿ ನಿಲ್ಲಿಸಿ, ಕೊಯ್ದೆಯಾ ಅಂತ ಮೂರು ಸಲ ಕೇಳಿದ್ದ. ಮೂರು ಸಲವೂ ನಿಕೀತಾಸ್ ಸ್ವಾಮಿಯ ಪಟ ಮುಟ್ಟಿ ಇಲ್ಲ ಅಂದಿದ್ದ. ಕೊಯ್ದದ್ದಕ್ಕೆ ಕ್ಷಮೆ ಇದ್ದೀತು, ಪಟ ಮುಟ್ಟಿದ್ದಕ್ಕೆ ಇರಲಿಲ್ಲ. ಮಿನಾಸನ ಕಡೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಆರು ಜನ. ಆರೂ ಜನ ಮೇಕೆ ಕೊಯ್ಯುವ ಕೈಗಳವರು.

ಮಾತಿನಲ್ಲಿ ನಿಕೀತಾಸ್ ಯಾರಿಗೆ ಬೇಕಾದರೂ ಟೋಪಿ ಹಾಕಬಲ್ಲ. ಹಾಡಿನಲ್ಲಿ ಮಾತ್ರ ಅವನಿಗೆ ಸುಳ್ಳು ಬರುವುದಿಲ್ಲ. ಲೀರಾ ಕಿವಿಗೆ ಬಿದ್ದು, ಎರಡು ಲೋಟ ಇಳಿದು, ಜೋಡಿಸಾಲು ಕಟ್ಟಲು ಬಾಯಿ ತೆರೆದನೆಂದರೆ ಒಳಗಿದ್ದದ್ದೆಲ್ಲ ಹೊರಗೆ. ತನ್ನ ನಿಶ್ಚಿತಾರ್ಥದ ದಿನ ಮಾವನ ಎದುರಿಗೇ, ತಾನು ಮೊದಲು ಇಷ್ಟಪಟ್ಟಿದ್ದು ಸೆವಾಸ್ತಿಯ ಅಕ್ಕನನ್ನು ಅಂತ ಹಾಡಿ ಕೂತಿದ್ದ. ಆವತ್ತು ಜನ ಬಿದ್ದು ಬಿದ್ದು ನಕ್ಕಿದ್ದರು. ಅಕ್ಕನ ಗಂಡನೂ ನಕ್ಕಿದ್ದ.

"ಹೋಗ್ಬೇಡಿ," ಅಂದಳು ಸೆವಾಸ್ತಿ, ಗಂಡ ಬೂಟು ಹಾಕಿಕೊಳ್ಳುವಾಗ.

"ಹೋಗ್ದಿದ್ರೆ ಅದೇ ಸಾಕ್ಷಿ ಆಗತ್ತೆ ಕಣೇ."

"ಗಂಟಲು ಅನ್ನಿ."

"ಮೂರು ವರ್ಷ ಗಂಟಲು ನೋವು ಅಂದ್ರೆ ಡಾಕ್ಟ್ರನ್ನ ಕರೆಸ್ತಾರೆ. ಸುಮ್ನೆ ಕೂತು ಎದ್ದು ಬರ್ತೀನಿ ಬಿಡು."

ಆರು ವರ್ಷದ ಮಗಳು ಕಲೀತ್ಸಾ ಅಪ್ಪನ ತೋಳಿಗೆ ಜೋತುಬಿದ್ದಳು. ಅಪ್ಪ ಹಾಡಿನ ಕಡೆ ಸುಳಿಯದೆ, ಬುದ್ಧಿ ಬಂದ ಮೇಲೆ ಲೀರಾ ಹೇಗಿರುತ್ತದೆಂದು ಅವಳು ಕೇಳೇ ಇರಲಿಲ್ಲ. ಕೇಳಬೇಕು ಅಂತ ಬೆಳಗ್ಗೆಯಿಂದ ಹಠ. ಹುಟ್ಟಿನಿಂದ ಅವಳದು ಗೂರಲು ಎದೆ, ಧೂಳು ಹೊಗೆ ಆಗಿಬರುವುದಿಲ್ಲ. ಆ ನೆಪ ಹೇಳಿ ಸೆವಾಸ್ತಿ ಮಗುವನ್ನು ತನ್ನ ತಾಯಿಯ ಹತ್ತಿರ ಮಲಗಿಸಿ, ಎದ್ದ ಮೇಲೆ ಕರೆಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಹೊರಟಳು.

ಪೂಜೆ ಮುಗಿದು, ಮೇಕೆ ಮಾಂಸ, ಅನ್ನ, ಎಲೆಕೋಸಿನ ಊಟವಾಗಿ, ಪಾದ್ರಿ ಕೈ ತೊಳೆದುಕೊಂಡು ನಿದ್ದೆಗೆ ಹೋದ ಮೇಲೆ ಇಗರ್ಜಿಯ ಅಂಗಳದಲ್ಲಿ ಹಾಡು ಶುರುವಾಗುತ್ತದೆ. ಅಂಗಳದ ನಡುವೆ ಮೂರು ಮೆಟ್ಟಿಲಿನ ಕಲ್ಲುಕಟ್ಟೆ. ಅದರ ಮೇಲೆ ಉದ್ದನೆಯ ಮೇಜು. ಮೇಜಿನ ತಲೆಗೆ ಲೀರಾ, ಪಕ್ಕದಲ್ಲಿ ಲೌತೊ ಅನ್ನುವ ಉದ್ದ ಕತ್ತಿನ ತಂತಿವಾದ್ಯ ಮೀಟುವವನು. ಗಂಡಸರು ಕೆಳಗೆ ಬೆಂಚುಗಳ ಮೇಲೆ, ಹೆಂಗಸರು ಸುತ್ತಿನ ಗೋಡೆಯ ಮೇಲೆ. ಲೀರಾ ನುಡಿಸುವವನು ಕಮಾನಿನ ಗೆಜ್ಜೆ ಝಲ್ಲೆನಿಸಿ, ಕೆಳಗೆ ಕೂತವನೊಬ್ಬನ ಹೆಸರು ಹಿಡಿದು ಕರೆದು, ವೈನಿನ ಲೋಟ ಮುಂದೆ ಚಾಚುತ್ತಾನೆ. ಕರೆಸಿಕೊಂಡವನು ಮೇಲೆ ಹೋಗಿ ಕುಡಿದು, ಕೂತು, ಸರದಿ ಬಂದಾಗ ಎರಡು ಸಾಲು ಕಟ್ಟಿ ಹಾಡಬೇಕು. ಕಡೆಯ ಅರ್ಧ ಸಾಲನ್ನು ಮೇಜಿನವರೆಲ್ಲ ತಿರುಗಿ ಹಾಡಿದರೆ ಮಾತು ತಲುಪಿತು ಅಂತ. ಲೋಟ ಬೇಡ ಅಂದವನ ಮನೆಗೆ ಆಮೇಲೆ ಯಾರೂ ಹೆಣ್ಣು ಕೊಡುವುದಿಲ್ಲ, ಹೆಣ ಹೊರುವುದಕ್ಕೂ ಬರುವುದಿಲ್ಲ. ಇನ್ನೊಂದು ಕಟ್ಟು ಇದೆ. ಕಮಾನು ಆಡುತ್ತಿರುವವರೆಗೆ ಆ ಅಂಗಳದಲ್ಲಿ ಯಾರೂ ಯಾರ ಮೇಲೂ ಕೈ ಎತ್ತಬಾರದು. ಎಂಥ ಹಗೆಯವರೂ ಇದನ್ನು ಮುರಿದದ್ದಿಲ್ಲ.

ಮಿನಾಸ್ ಮೂರು ವರ್ಷದಲ್ಲಿ ಮುದುಕನಾಗಿದ್ದ. ಆದರೆ ಮೊದಲ ಎಳೆತಕ್ಕೇ ಅಂಗಳ ಮೂಕವಾಯಿತು. ನಿಕೀತಾಸನ ಸೋದರತ್ತೆ ಫುಲಾ ಮಾತ್ರ ಸುಮ್ಮನಾಗಲಿಲ್ಲ. ಅವಳನ್ನು ಸುಮ್ಮನಿರಿಸಲು ಆ ಸ್ವಾಮಿಗೂ ಆಗಿಲ್ಲ.

"ನೋಡೇ ಸೆವಾಸ್ತಿ, ಲೌತೊದವನು ಹೊಸ ಹಲ್ಲು ಹಾಕಿಸ್ಕೊಂಡಿದಾನೆ. ಬಾಯಿ ತೆರೆದ್ರೆ ಕುದುರೆ ನಕ್ಕಂಗಿದೆ."

ಸೆವಾಸ್ತಿ ನಗಲಿಲ್ಲ. ಅವಳು ಎಣಿಸುತ್ತಿದ್ದಳು. ಮಿನಾಸ್ ಮೊದಲು ಕರೆದದ್ದು ದೊಡ್ಡಪ್ಪನ ಮಗನನ್ನು. ಎರಡನೆಯದೂ ದೊಡ್ಡಪ್ಪನ ಮಗ. ಮೂರು, ನಾಲ್ಕು, ಐದು, ಆರು. ಆರೂ ಜನ ಒಬ್ಬೊಬ್ಬರಾಗಿ ಕಟ್ಟೆ ಹತ್ತಿ, ಕುಡಿದು, ಮೇಜಿನ ಎರಡೂ ಕಡೆ ಕೂತರು. ಮಿನಾಸನ ಬಲಗಡೆಯ ಕುರ್ಚಿ ಮಾತ್ರ ಖಾಲಿ ಬಿಟ್ಟರು.

"ಬರೀ ಅವರ ಮನೆಯವರನ್ನೇ ಕರೀತಾನಲ್ಲ, ನಮ್ಮೂರಲ್ಲಿ ಬೇರೆ ಗಂಡಸ್ರಿಲ್ವಾ?" ಅಂದಳು ಫುಲಾ ಅತ್ತೆ.

ಗೆಜ್ಜೆ ಝಲ್ಲೆಂದಿತು.

"ನಿಕೀತಾ! ಬಾರಪ್ಪ ಮೇಲೆ. ನಿನ್ ಗಂಟಲು ವಾಸಿಯಾಯ್ತಂತೆ, ನಮ್ಮಮ್ಮ ಹೇಳಿದ್ಲು."

ಬೆಂಚುಗಳಲ್ಲಿ ಒಂದಿಬ್ಬರು ನಕ್ಕರು. ನಿಕೀತಾಸ್ ಎದ್ದ. ಮೆಟ್ಟಿಲು ಹತ್ತುವಾಗ ಒಮ್ಮೆ ಹೆಂಡತಿಯ ಕಡೆ ತಿರುಗಿ ನೋಡಿ, ಏನೂ ಆಗಲ್ಲ ಅನ್ನುವಂತೆ ಹುಬ್ಬು ಹಾರಿಸಿದ. ಲೋಟ ತಗೊಂಡು ಕುಡಿದ. ಖಾಲಿ ಕುರ್ಚಿಯಲ್ಲಿ ಕೂತ. ಮಿನಾಸ್ ನುಡಿಸುತ್ತಲೇ ಅವನ ಲೋಟ ಮತ್ತೆ ತುಂಬಿಸಲು ಕಣ್ಣಲ್ಲೇ ಹೇಳಿದ.

ರಾಗ ಬದಲಾಯಿತು. ಊರು ಬಿಟ್ಟು ಹೋದವರಿಗೆ, ಹಡಗು ಹತ್ತಿದವರಿಗೆ ನುಡಿಸುವ ರಾಗ ಅದು. ಮೇಜಿನ ಆ ತುದಿಯಲ್ಲಿ ಕೂತ ಹಿರಿಯನಿಂದ ಸರದಿ ಶುರುವಾಯಿತು.

"ಹಡಗು ಹೋಯಿತು, ಗುರುತು ಅಳಿಯಿತು, ದಾರಿ ನಿಲ್ಲದು ನೀರಲಿ,
ಹುಡುಕಿ ಅಲೆದೆನು ಊರು ಊರನು, ನಿನ್ನ ಕೇಳಲಿ ಯಾರಲಿ."

"ನಿನ್ನ ಕೇಳಲಿ ಯಾರಲಿ," ಅಂದಿತು ಮೇಜು.

ಮರುಕ್ಲಾ ಗೋಡೆಯ ಮೇಲೆ, ಕೇಕಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು, ಅಲ್ಲಾಡದೆ ಕೂತಿದ್ದಳು. ಎರಡನೆಯವನು ಹಾಡಿದ. ಮೂರನೆಯವನು ಹಾಡಲಾರದೆ ಬಿಕ್ಕಿದ, ಮೇಜಿನವರು ಅವನ ಬೆನ್ನು ಸವರಿದರು. ನಿಕೀತಾಸನ ಮೂರನೆಯ ಲೋಟ ಖಾಲಿಯಾಗಿತ್ತು. ಅವನ ಕಣ್ಣು ಮುಚ್ಚಿದ್ದವು, ತುಟಿ ಆಡುತ್ತಿತ್ತು. ಆ ತುಟಿಯ ಆಟ ಸೆವಾಸ್ತಿಗೆ ಗೊತ್ತು. ಒಳಗೆ ಸಾಲು ಹುಟ್ಟುತ್ತಿದೆ. ಇನ್ನು ಮೂರು ಜನ ಆದರೆ ಅವನು.

ಅವನನ್ನು ಅಲ್ಲಿಂದ ಎಬ್ಬಿಸಬೇಕು, ಹೇಗಾದರೂ. ಹೆಂಗಸು ಕಟ್ಟೆ ಹತ್ತುವಂತಿಲ್ಲ. ಮನೆಗೆ ಬೆಂಕಿ ಬಿತ್ತು ಅಂದರೆ ಊರೇ ಓಡುತ್ತದೆ. ತಲೆ ಓಡಿಸಲು ಹೊತ್ತಿರಲಿಲ್ಲ, ನಾಲಗೆಗೆ ಮೊದಲು ಸಿಕ್ಕಿದ್ದನ್ನು ಅಂದುಬಿಟ್ಟಳು.

"ಅತ್ತೇ, ಕಲೀತ್ಸಾಗೆ ಮತ್ತೆ ಉಸಿರು ಹಿಡ್ಕೊಂಡಿದೆಯಂತೆ. ಅಮ್ಮ ಹೇಳಿ ಕಳಿಸಿದಾಳೆ. ಅವರನ್ನ ಸ್ವಲ್ಪ ಬರಹೇಳ್ತೀರಾ?"

"ಅಯ್ಯೋ ನನ್ನ ಕಂದಾ! ಯಾರ ಕೈಲಿ ಹೇಳಿ ಕಳಿಸಿದ್ಲು?"

"ಹೋಗಿ ಅತ್ತೆ, ಬೇಗ!"

ಫುಲಾ ಅತ್ತೆಗೆ ಒಂದು ಸುದ್ದಿ ಕೊಟ್ಟರೆ ಅದು ಅವಳ ಬಾಯಿಂದ ಹೊರಬೀಳುವಾಗ ಮೂರು ಸುದ್ದಿಯಾಗಿರುತ್ತದೆ ಅನ್ನುವುದನ್ನು ಸೆವಾಸ್ತಿ ಆ ಕ್ಷಣ ಮರೆತಿದ್ದಳು. ಅತ್ತೆ ಲಂಗ ಎತ್ತಿ ಹಿಡಿದು, ಬೆಂಚುಗಳ ನಡುವೆ ನುಗ್ಗಿ, ಕಟ್ಟೆಯ ಬುಡದಲ್ಲಿ ನಿಂತು ಎದೆ ಬಡಿದುಕೊಂಡಳು.

"ನಿಕೀತಾ! ಮಗು ಹೋಗ್ತಾ ಇದೆ ಕಣೋ! ತುಟಿ ನೀಲಿಯಾಗಿದೆಯಂತೆ, ಕಣ್ಣು ಮೇಲಾಗಿದೆಯಂತೆ! ಎದ್ದೇಳೋ!"

ನಿಕೀತಾಸ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಮಿನಾಸ್ ಕಮಾನು ನಿಲ್ಲಿಸಲಿಲ್ಲ, ನಿಧಾನ ಮಾಡಿದ ಅಷ್ಟೆ.

"ಹೋಗಪ್ಪ. ಮಗೂಗಿಂತ ಹಾಡು ಹೆಚ್ಚಾ? ಎರಡು ಸಾಲು ಕ್ಷಮೆ ಕೇಳಿ ಹೋಗು."

ಇದೊಂದನ್ನು ಸೆವಾಸ್ತಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾಯಿಲೆಯವರನ್ನು ನೋಡಲು ಮೇಜು ಬಿಟ್ಟು ಏಳುವವನು, ಮೇಜಿನವರಲ್ಲಿ ಕ್ಷಮೆ ಬೇಡಿ ಏಳಬೇಕು. ಯಾರಿಗಾದರೂ ತಪ್ಪು ಮಾಡಿದ್ದರೆ ಅದನ್ನು ಅಲ್ಲೇ ಇಳಿಸಿ ಹೋದರೆ ಕಾಯಿಲೆಯವರ ಮೇಲಿನ ಭಾರ ಇಳಿಯುತ್ತದೆ, ಇಳಿಸದೆ ಹೋದರೆ ಮನೆಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಅಂತ ನಮ್ಮವರ ನಂಬಿಕೆ. ಇರಲಿ, ಅದಕ್ಕೆ ತಾತಂದಿರ ಕಾಲದ ಸಿದ್ಧ ಸಾಲುಗಳಿವೆ. ಎಲ್ಲರೂ ಅದನ್ನೇ ಹಾಡುವುದು. ಹಲ್ಲುನೋವಿಗೆ ಎದ್ದು ಹೋಗುವವನೂ ಅದನ್ನೇ ಗೊಣಗಿ ಹೋಗುತ್ತಾನೆ. ಅದನ್ನೇ ಹಾಡಿ, ದಮ್ಮಯ್ಯ, ಅದನ್ನು ಹಾಡಿ ಬಂದುಬಿಡಿ ಎಂದು ಅವಳು ಗೋಡೆಯ ಮೇಲಿಂದಲೇ ತುಟಿಯಾಡಿಸಿದಳು.

"ಎದ್ದು ಹೊರಟೆನು, ತಪ್ಪು ಇದ್ದರೆ ಮರೆತು ಕಳುಹಿರಿ ನನ್ನನು,
ಬಿದ್ದ ಜೀವಕೆ ನಿಮ್ಮ ಹರಕೆಯು ಎತ್ತಿ ತೆರೆಸಲಿ ಕಣ್ಣನು."

ನಿಕೀತಾಸ್ ಶುರುಮಾಡಿದ್ದೂ ಅದನ್ನೇ. "ಎದ್ದು ಹೊರಟೆನು, ತಪ್ಪು ಇದ್ದರೆ..." ಅಷ್ಟಕ್ಕೆ ನಿಂತ. ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ನೀಲಿಯಾದ ತುಟಿ ಅವನ ಕಣ್ಣ ಮುಂದೆ ಇತ್ತೆಂದು ಸೆವಾಸ್ತಿಗೆ ಗೊತ್ತಾಯಿತು. ಒಂದೇ ಮಗು. ಆ ಮಗುವಿನ ಉಸಿರು ಎದುರಿಗೆ ಹಿಡಿದುಕೊಂಡು ಹಳಸಿದ ಸಾಲು ಒಪ್ಪಿಸಲು ಅವನಿಗೆ ಧೈರ್ಯ ಸಾಲಲಿಲ್ಲ. ಲೀರಾ ಅವನ ಪಕ್ಕದಲ್ಲೇ, ಕಿವಿಯ ಬುಡದಲ್ಲೇ, ಕಾಯುತ್ತ ಅದೇ ರಾಗ ತಿರುವುತ್ತಿತ್ತು.

ಅವನು ಕಣ್ಣು ಮುಚ್ಚಿ, ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದು ಹಾಡಿದ. ಮೂರು ವರ್ಷ ಕಟ್ಟಿಟ್ಟ ಗಂಟಲು. ಎಷ್ಟು ಚೆನ್ನಾಗಿ ಬಂತೆಂದರೆ ಸೆವಾಸ್ತಿಗೆ ಅಂಥ ಹೊತ್ತಲ್ಲೂ ಮೈ ಜುಮ್ಮೆಂದಿತು.

"ಹಗ್ಗದಂಚಲಿ ಜೀವವಿದ್ದಿತು, 'ತಾಳು, ತಾಳೋ' ಎಂದಿತು,
ಹಗ್ಗ ಕೊಯ್ದುದು ಕಡಲು ಅಲ್ಲವೊ, ನನ್ನ ಕೈಯೇ ಕೊಂದಿತು."

ಮೇಜು ತಿರುಗಿ ಹಾಡಲಿಲ್ಲ. ಆರು ಜನರಲ್ಲಿ ಒಬ್ಬನೂ ಅಲ್ಲಾಡಲಿಲ್ಲ. ಲೌತೊದವನ ಕೈ ನಿಂತುಹೋಗಿತ್ತು. ಮಿನಾಸನ ಕಮಾನೊಂದೇ ಹೋಗಿ ಬರುತ್ತಿತ್ತು, ಗೆಜ್ಜೆ ಸಣ್ಣಗೆ ಅಲುಗುತ್ತಿತ್ತು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು, ಅವನಿಗೆ ಬೇಕಾಗಿದ್ದದ್ದು ಕೇಳುವುದು ಮಾತ್ರ.

ಆಗ ಗೋಡೆಯ ಕಡೆಯಿಂದ ಒಂದು ಒಡೆದ ದನಿ ಎದ್ದಿತು. ಹೆಂಗಸರು ಹಾಡದ ಕಡೆ, ಹಾಡಿ ಅಭ್ಯಾಸವಿಲ್ಲದ ಗಂಟಲಲ್ಲಿ, ಮರುಕ್ಲಾ ಆ ಅರ್ಧ ಸಾಲನ್ನು ತಿರುಗಿ ಹಾಡಿದಳು.

"ನನ್ನ ಕೈಯೇ ಕೊಂದಿತು."

"ತಲುಪ್ತು," ಅಂದ ಮಿನಾಸ್.

ಆರು ಜನ ಒಟ್ಟಿಗೆ ಎದ್ದರು. ಮಿನಾಸ್ ತಲೆಯಾಡಿಸಿ ಅವರನ್ನು ಮತ್ತೆ ಕೂರಿಸಿದ.

"ಮೊದ್ಲು ಹೋಗಿ ಮಗೂನ ನೋಡು ನಿಕೀತಾ. ನಾನು ನುಡಿಸ್ತಾ ಇರ್ತೀನಿ. ಅವಳು ಹುಷಾರಾದ್ಲು ಅಂತ ಸುದ್ದಿ ಬರೋವರೆಗೂ ನಿಲ್ಸಲ್ಲ. ಕೈ ಬಿದ್ದುಹೋದ್ರೂ ನಿಲ್ಸಲ್ಲ. ನಮ್ಮಮ್ಮನಿಗಾದದ್ದು ನಿನ್ನ ಮಗೂಗೆ ಆಗ್ಬೇಕು ಅಂತ ನಂಗಿಲ್ಲ."

"ಮಿನಾ..." ಅಂದ ನಿಕೀತಾಸ್.

"ಮಾತು ಬೇಡ. ಹೋಗು."

ಸೆವಾಸ್ತಿ ಆ ಮಾತನ್ನು ಹಿಡಿದುಕೊಂಡಳು. ಸುದ್ದಿ ಬರುವವರೆಗೆ! ಸುದ್ದಿ ಕಳಿಸಬೇಕಾದವಳು ತಾನೇ ಅಲ್ಲವೆ? ಸಂಜೆಯವರೆಗೆ ಕಳಿಸದಿದ್ದರೆ ಆಯಿತು. ಮನೆಯ ಹಿಂದಿನ ಕಾಲುದಾರಿ ಹಿಡಿದರೆ ಎರಡು ಗಂಟೆಯಲ್ಲಿ ಕೆಳಗಿನ ಬಂದರು, ಅಲ್ಲಿ ಕಡಲಿಗಿಳಿದು ಸ್ಪಂಜು ತೆಗೆಯುವವರ ದೋಣಿಗಳು, ಆಮೇಲೆ ಎಲ್ಲಿಯಾದರೂ. ಆಚೆ ದಡದ ದೊಡ್ಡ ಬಂದರು ಪಿರೇಯಸ್ಸಿನಲ್ಲಿ ಅವಳ ಚಿಕ್ಕಪ್ಪ ಇದ್ದ. ತಾನು ಬಾಯಿಗೆ ಬಂದಂತೆ ಹೇಳಿದ ಸುಳ್ಳೇ ಗಂಡನನ್ನು ಹಾಳುಮಾಡಿತು, ಈಗ ಅದೇ ಸುಳ್ಳು ಉಳಿಸಬೇಕು. ಗಂಡ ಮೊದಲ ಮೆಟ್ಟಿಲು ಇಳಿಯುತ್ತಿದ್ದ. ಅವಳು ಗೋಡೆಯಿಂದ ಧುಮುಕಿದಳು. ಎದುರಿಗೆ ಮರುಕ್ಲಾ ನಿಂತಿದ್ದಳು.

"ಮಗು ನಿಜವಾಗ್ಲೂ ಹುಷಾರಿಲ್ವಾ, ಸೆವಾಸ್ತಿ?"

"ಇಲ್ಲ ದೊಡ್ಡಮ್ಮಾ. ತುಂಬಾ ಜಾಸ್ತಿಯಾಗಿದೆ."

ಮುದುಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಹಳದಿ ಹೂವಿನ ವಸ್ತ್ರ ಬಿಚ್ಚಿದಳು. ಒಳಗೆ ತಲೆ ಪೂರಾ ಬೆಳ್ಳಗಾಗಿತ್ತು. ಕೇಕಿನ ಬುಟ್ಟಿಯ ತಳದಿಂದ ಮಡಚಿಟ್ಟ ಕರಿ ವಸ್ತ್ರ ತೆಗೆದು, ಬಾಚಿದಂತೆ ಹಣೆಯ ಮೇಲಿಂದ ಎಳೆದು, ಗಲ್ಲದ ಕೆಳಗೆ ಗಂಟು ಹಾಕಿಕೊಂಡಳು. ಆತುರವಿಲ್ಲದ ಕೈ.

"ಸ್ವಾಮಿ ಹುಡುಕಿಕೊಟ್ಟ ಮಗಳೇ. ಮೂರು ಕೇಕಿಗೆ ಹುಡುಕಿಕೊಟ್ಟ." ಬುಟ್ಟಿಯಿಂದ ಇನ್ನೊಂದು ಮಡಿಕೆ ತೆಗೆದು ಸೆವಾಸ್ತಿಯ ಕೈಗಿಟ್ಟಳು. "ಇದು ಜೋಡಿ ಬಂದಿತ್ತು, ಅಂಗಡಿಯವನು ಬಿಡಿ ಕೊಡಲ್ಲ ಅಂದ. ಯಾರಿಗೆ ಬೇಕಾಗತ್ತೋ ಅಂತ ಇಟ್ಕೊಂಡಿದ್ದೆ. ನೀನು ತಗೋ."

"ದೊಡ್ಡಮ್ಮಾ, ನಿಮ್ ಕಾಲಿಗೆ ಬೀಳ್ತೀನಿ. ದೋಣಿ ಮುಳುಗ್ತಿತ್ತು. ಇಬ್ರೂ ಹೋಗ್ತಿದ್ರು."

"ಇದ್ದಿರಬಹುದು. ನೀನು ಮೂರು ವರ್ಷ ನನ್ನ ಕೇಕು ತಿಂದ್ಯಲ್ಲ."

ನಿಕೀತಾಸ್ ಎರಡನೆಯ ಮೆಟ್ಟಿಲು ಇಳಿದ. ಬೆಂಚಿನವರು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು, ಯಾರೂ ಅವನ ಮುಖ ನೋಡಲಿಲ್ಲ. ಕಮಾನು ಆಡುತ್ತಲೇ ಇತ್ತು. ಮಿನಾಸನ ಹಣೆಯಿಂದ ಬೆವರು ಇಳಿದು ಲೀರಾದ ಮೇಲೆ ತೊಟ್ಟಿಕ್ಕುತ್ತಿತ್ತು. ಇನ್ನೊಂದು ಮೆಟ್ಟಿಲು, ಆಮೇಲೆ ಮೂವತ್ತು ಹೆಜ್ಜೆ, ಆಮೇಲೆ ಬಾಗಿಲು. ಸೆವಾಸ್ತಿ ಒಳಗೊಳಗೇ ಹೆಜ್ಜೆ ಎಣಿಸುತ್ತ ಬಾಗಿಲ ಕಡೆ ನೋಡಿದಳು.

ಬಾಗಿಲಲ್ಲಿ ಕಲೀತ್ಸಾ ನಿಂತಿದ್ದಳು.

ಹಬ್ಬದ ಕೆಂಪು ಬೂಟು, ನೀರು ಹಚ್ಚಿ ಬಾಚಿದ ತಲೆ, ಕೆನ್ನೆಯ ತುಂಬ ಕೇಕಿನ ಪುಡಿ. ನಿದ್ದೆಯಾಗಿ ಮುಖ ಹೂವಿನಂತಿತ್ತು. ಹಿಂದೆ ಸೆವಾಸ್ತಿಯ ತಾಯಿ ಏದುಸಿರು ಬಿಡುತ್ತ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು.

"ತಡೆಯೋಕಾಗ್ಲಿಲ್ಲ ಕಣಮ್ಮಾ! ಲೀರಾ ಕೇಳಿಸ್ತಿದ್ದಂಗೇ ಎದ್ದು ಕೂತ್ಲು. ದಾರಿಯುದ್ದಕ್ಕೂ ಓಟ, ಹಿಡಿಯೋಕೇ ಆಗ್ಲಿಲ್ಲ!"

"ಅಪ್ಪಾ!" ಅಂದಳು ಕಲೀತ್ಸಾ. "ಅದೇನಾ ಲೀರಾ?"

ಕಡೆಯ ಮೆಟ್ಟಿಲ ಮೇಲೆ ನಿಕೀತಾಸ್ ನಿಂತುಬಿಟ್ಟ. ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವಳ ತುಟಿ ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಂತೋಷ, ಅದನ್ನು ಸೆವಾಸ್ತಿ ಸಾಯುವವರೆಗೆ ಮರೆಯಲಿಲ್ಲ. ಆಮೇಲೆ ಅವನು ತಲೆಯೆತ್ತಿ ಹೆಂಡತಿಯನ್ನು ಹುಡುಕಿದ. ಅವಳ ಕಣ್ಣು ಸಿಕ್ಕಿತು. ಸಿಟ್ಟಿರಲಿಲ್ಲ ಅವನಲ್ಲಿ. ಹೀಗಾ ಮಾಡಿದ್ದು ನೀನು ಅಂತ ಕೇಳಿದಂತಿತ್ತು, ಅಷ್ಟೆ.

ಸೆವಾಸ್ತಿ ಓಡಿದಳು. ಗಂಡನ ಕಡೆಗೆ ಓಡಬೇಕೆಂದು ಹೊರಟ ಕಾಲು ಮಗುವಿನ ಕಡೆಗೆ ಹೋದವು. ಕಲೀತ್ಸಾಳನ್ನು ಬಾಚಿ ತಬ್ಬಿ, ಅವಳ ಬೆನ್ನನ್ನು ಕಟ್ಟೆಗೆ ತಿರುಗಿಸಿ ನೆಲದ ಮೇಲೆ ಕುಸಿದಳು.

"ಬಿಡಮ್ಮಾ, ನಾನು ನೋಡ್ಬೇಕು!"

ಮಗು ಕೊಸರಿಕೊಂಡು ತಿರುಗಿತು. ಮೇಲೆ ಮಿನಾಸ್ ಮಗುವನ್ನು ನೋಡುತ್ತಲೇ ನುಡಿಸುತ್ತಿದ್ದ. ರಾಗವನ್ನು ಕಡೆಯ ಸುತ್ತಿಗೆ ತಂದು, ಎಲ್ಲಿಯೂ ಅವಸರಪಡದೆ, ಬಿಟ್ಟಲ್ಲಿಗೇ ತಂದು ಕೂಡಿಸಿದ. ಕಮಾನನ್ನು ತಂತಿಯಿಂದ ಎತ್ತಿದ. ಗೆಜ್ಜೆ ಒಮ್ಮೆ ಝಲ್ಲೆಂದು ಸುಮ್ಮನಾಯಿತು. ಆರು ಕುರ್ಚಿಗಳು ಕಲ್ಲಿನ ಮೇಲೆ ಸರಿದ ಸದ್ದಾಯಿತು.

ಸೆವಾಸ್ತಿ ಎರಡೂ ಕೈಯಿಂದ ಮಗುವಿನ ಕಣ್ಣು ಮುಚ್ಚಿದಳು. ಕೈಯಲ್ಲಿ ಮರುಕ್ಲಾ ಕೊಟ್ಟ ಕರಿ ವಸ್ತ್ರವಿತ್ತು.